ಚೌಕಾಸಿ ಪಾಪವೇ?



ನನ್ನ ಬೀಗದ ಕೈಗೊಂಚಲಿನಲ್ಲಿ ಹೆಬ್ಬೆರಳಿಗಿಂತ ತುಸು ದೊಡ್ಡದಾದ ಜಿಂಕೆಮರಿಯೊಂದು ತೂಗಾಡುತ್ತಿದೆ. ಗದಗ ಜಿಲ್ಲೆಯ ಮುಳಗುಂದದಲ್ಲಿ ಒಬ್ಬ ತಾಯಿ ಉಲ್ಲನ್ ದಾರವನ್ನು ಕ್ರೋಶಾ ಕಡ್ಡಿಯಿಂದ ಹೆಣೆದು ಮಾಡಿದ್ದು. ಅವರು ಕೇಳಿದ್ದು 120 ರೂಪಾಯಿ, ನಾನು ಕೊಟ್ಟದ್ದು 80. "ಇರಲಿ ಬಿಡ್ರಿ, ಅಷ್ಟ ಕೊಡ್ರಿ" ಎಂದರು.

ಬಸ್ಸು ತಡವಾದ್ದರಿಂದ ಅವರ ಮನೆಯ ಕಟ್ಟೆಯ ಮೇಲೆಯೇ ಕುಳಿತೆ. ಅವರು ಇನ್ನೊಂದನ್ನು ಆರಂಭಿಸಿದರು. ದಾರದ ಪುಟ್ಟ ಉಂಗುರದೊಳಗೆ 6 ಹೆಣಿಕೆ, ಮುಂದಿನ ಸುತ್ತಿಗೆ 12, ಆಮೇಲೆ 18. ಹೀಗೆ ಉಬ್ಬುತ್ತಾ ಹೋಗಿ ತಲೆಯಾಗುತ್ತದೆ. ಮತ್ತೆ ಹೆಣಿಕೆ ಕಡಿಮೆ ಮಾಡುತ್ತಾ ಬಂದು, ಬಾಯಿ ಮುಚ್ಚುವ ಮುನ್ನ ಅರಳೆ ತುರುಕಬೇಕು. ಎಣಿಕೆ ತಪ್ಪಿದರೆ ತಲೆ ಸೊಟ್ಟ. ಬಿಚ್ಚಿ ಮತ್ತೆ ಹೆಣೆಯಬೇಕು. ಕಿವಿ, ಕಾಲು, ಬಾಲ ಎಲ್ಲವನ್ನೂ ಬೇರೆ ಬೇರೆ ಮಾಡಿ ಹೊಲಿಯಬೇಕು. ಸ್ವೆಟರಿಗೆ ಯಂತ್ರ ಬಂದಿದೆ, ಕ್ರೋಶಾ ಮಾತ್ರ ಇಂದಿಗೂ ಕೈಕೆಲಸವೇ. "ದಿನಕ್ಕ ಮೂರಾದರ ದೊಡ್ಡದುರೀ" ಎಂದರು.

ಬಸ್ಸಿನಲ್ಲಿ ಲೆಕ್ಕ ಹಾಕಿದೆ. ದಾರ, ಅರಳೆ, ಉಂಗುರಕ್ಕೆ 20 ರೂಪಾಯಿ ಹೋದರೆ ನನ್ನ 80ರಲ್ಲಿ ಉಳಿಯುವುದು 60. ಮೂರು ಗೊಂಬೆಗೆ 180. 2024-25ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿಯ ದಿನಗೂಲಿಯೇ 349 ರೂಪಾಯಿ ಇತ್ತು. ಆ ತಾಯಿ ಕೇಳಿದಷ್ಟು ಕೊಟ್ಟಿದ್ದರೂ 300 ದಾಟುತ್ತಿರಲಿಲ್ಲ!

"ಅವರೇ ಒಪ್ಪಿದರಲ್ಲ, ಇದರಲ್ಲಿ ಪಾಪವೇನು ಬಂತು?" ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಸಮಾಧಾನ ಹೇಳಿಕೊಂಡೆ. ಆದರೆ ಜಗದ್ಗುರು 13ನೇ ಲಿಯೋರವರು 1891ರ 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ ಈ ಬಾಗಿಲನ್ನೇ ಮುಚ್ಚಿದ್ದಾರೆ. ಗತಿಯಿಲ್ಲದೆ ಕಡಿಮೆ ಕೂಲಿಗೆ ಒಪ್ಪಿದವನು ಬಲಾತ್ಕಾರಕ್ಕೆ, ಅನ್ಯಾಯಕ್ಕೆ ಒಳಗಾದವನೇ ಎಂಬುದು ಅವರ ಬೋಧನೆ. ಅವರು ಹೇಳಿದ್ದು ಧಣಿಗಳಿಗೆ, ನಿಜ. ಕಟ್ಟೆಯ ಮೇಲೆ ಕುಳಿತ ಆ ಹೊತ್ತು ನಾನೂ ಧಣಿಯೇ ಅಲ್ಲವೇ? ಮುಳಗುಂದದ ಜೈನ ಕವಿ ನಯಸೇನ 1112ರಲ್ಲಿ ಬರೆದ 'ಧರ್ಮಾಮೃತ'ದಲ್ಲಿ ಕದಿಯದಿರುವ ವ್ರತದ ಕಥೆಯೂ ಇದೆ. ಆ ಊರಿನಲ್ಲೇ ನಾನು ಒಬ್ಬರ ಹೊತ್ತನ್ನು ಕದ್ದು ಬಂದೆನೇ?

ಕೊಳ್ಳುವವರ ಕಿಸೆಯೂ ಖಾಲಿ ಇರುವುದುಂಟು. ಆಗ "ನನ್ನಿಂದಾಗದು ತಾಯಿ" ಎಂದು ಎದ್ದು ಬರುವುದರಲ್ಲಿ ತಪ್ಪಿಲ್ಲ. ನನ್ನ ಕಿಸೆ ಖಾಲಿ ಇರಲಿಲ್ಲ. ಪೇಟೆಯ ದೊಡ್ಡ ಅಂಗಡಿಯಲ್ಲಿ ಚೀಟಿಯ ಮೇಲಿನ ಬೆಲೆಗೆ ತುಟಿಪಿಟಕ್ಕೆನ್ನದೆ ಹಣ ತೆರುವವನು ನಾನು.

ಆ ತಾಯಿ ತಂಗಿಯ ಮಗುವಿಗೂ ಇಂಥದೇ ಜಿಂಕೆ ಹೆಣೆದುಕೊಟ್ಟಿದ್ದರಂತೆ. ಅದಕ್ಕೆ ಅವರು ಹೊತ್ತು ಎಣಿಸಲಿಲ್ಲ, ಎಣಿಸಬೇಕಾಗಿಯೂ ಇರಲಿಲ್ಲ. ಪ್ರೇಷಿತರ ಕಾರ್ಯಗಳಲ್ಲಿ ಬರುವ ತಬಿಥಾಳನ್ನು ನೆನೆಯಿರಿ. ಅವಳು ಹೊಲಿದ ಅಂಗಿಗಳನ್ನು ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದರು. ಆ ಹೆಸರಿನ ಅರ್ಥವೂ ಜಿಂಕೆಯೇ. ತನ್ನ ದುಡಿಮೆಯನ್ನು ಧಾರೆಯೆರೆಯುವ ಹಕ್ಕು ತಬಿಥಾಳದು, ಆ ತಾಯಿಯದು. ಅವರ ಪರವಾಗಿ ನಾನೇ ಧಾರೆಯೆರೆದು ನಾನೇ ಕೈಯೊಡ್ಡಿದರೆ ಅದಕ್ಕೆ ಏನೆನ್ನುವುದು?

ಬರುವ ವಾರ ಮತ್ತೆ ಮುಳಗುಂದಕ್ಕೆ ಹೋಗುವುದಿದೆ. 40 ರೂಪಾಯಿ ಬೇರೆ ತೆಗೆದಿಟ್ಟಿದ್ದೇನೆ. ಭಿಕ್ಷೆಯೆಂದು ಅವರಿಗೆ ಅನ್ನಿಸದಂತೆ ಹೇಗೆ ಕೊಡುವುದೆಂದು ಇನ್ನೂ ಹೊಳೆದಿಲ್ಲ.