ನ್ಯಾಸಾಪಹಾರವೂ ನಿವೃತ್ತರ ಉಳಿತಾಯವೂ

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದೆಂದು ತತ್ತ್ವಾರ್ಥಸೂತ್ರವು ಎಣಿಸಿದೆ. ನಂಬಿ ಇಟ್ಟ ಹಣದ ಮೊತ್ತವನ್ನು ಇಟ್ಟವನೇ ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಅಷ್ಟೇ ಸರಿಯೆಂದು ಒಪ್ಪಿ ಕೊಟ್ಟು ಕಳುಹಿಸುವುದೇ ಈ ದೋಷವೆಂದು ಪೂಜ್ಯಪಾದರು ವಿವರಿಸಿದ್ದಾರೆ. ಇದನ್ನು ಕಳವಿನ ಸಾಲಿನಲ್ಲಿಡದೆ ಅಸತ್ಯದ ಸಾಲಿನಲ್ಲಿಟ್ಟಿರುವುದು ಗಮನಾರ್ಹ. ಪರರ ಅರಿವಿನ ಕೊರತೆಗೆ ಹೂಂಗುಟ್ಟಿ ಲಾಭ ಪಡೆಯುವುದೂ ಸುಳ್ಳೇ ಆಯಿತು.

ಪರರ ಉಳಿತಾಯವನ್ನು ಹೂಡಿಸುವವನ ಮುಂದೆ ಇಂದು ನಿಂತಿರುವುದೂ ಇದೇ ಪ್ರಶ್ನೆ. ಕಡೂರಿನ ನಿವೃತ್ತ ಶಿಕ್ಷಕರು, ತರೀಕೆರೆಯ ಅಡಿಕೆ ತೋಟದವರು, ಅಜ್ಜಂಪುರದ ಈರುಳ್ಳಿ ಬೆಳೆಗಾರರು ಅವನ ಬಳಿಗೆ ಬಂದರೆನ್ನಿ. ಈರುಳ್ಳಿ ಬೆಳೆದವರು ಧಾರಣೆಯ ಏರಿಳಿತವನ್ನು ಹೊಲದಲ್ಲಿಯೇ ಹೊತ್ತಿದ್ದಾರೆ. ತೋಟದವರಿಗೆ ಧಾರಣೆಯ ಜೊತೆಗೆ ರೋಗದ ಭಯವೂ ಉಂಟು. ಇವರ ಉಳಿತಾಯವನ್ನೂ ಷೇರು ಪೇಟೆಗೆ ಒಡ್ಡುವುದು ಬರೆಯ ಮೇಲೆ ಬರೆ. ಹಳೆಯ ಪಿಂಚಣಿ ಪಡೆಯುವ ಶಿಕ್ಷಕರು ಒಂದಿಷ್ಟು ನಷ್ಟವನ್ನು ತಾಳಬಲ್ಲರು. 2006ರ ಏಪ್ರಿಲ್ 1ರ ಅನಂತರ ಹೊಸ ಪಿಂಚಣಿ ಯೋಜನೆಯಡಿ ರಾಜ್ಯ ಸೇವೆಗೆ ಸೇರಿದವರ ಸ್ಥಿತಿ ಬೇರೆ. ಅವರ ನಿಧಿಯೇ ಪೇಟೆಯೊಡನೆ ಏರಿಳಿಯುತ್ತದೆ. ಹಣ ಕೊಟ್ಟವರು ಕೇಳಲಿಲ್ಲವೆಂದು ಈ ವ್ಯತ್ಯಾಸವನ್ನು ಮುಚ್ಚಿಡುವುದು ನ್ಯಾಸಾಪಹಾರಕ್ಕೆ ಎಷ್ಟು ದೂರ? ಗ್ರಾಹಕನು ಎಷ್ಟು ನಷ್ಟ ತಾಳಬಲ್ಲನೆಂಬುದನ್ನು ಸಲಹೆಗಾರನು ಮೊದಲು ಅರಿಯಬೇಕೆಂದು ಸೆಬಿಯ 2013ರ ನಿಯಮಗಳೂ ವಿಧಿಸಿವೆ.

ಹಾಗೆಂದು ಎಲ್ಲವನ್ನೂ ಬ್ಯಾಂಕಿನಲ್ಲಿಟ್ಟು ನಿಶ್ಚಿಂತರಾಗಿರಿ ಎಂಬುದೂ ಪೂರ್ಣಸತ್ಯವಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ರಿಸರ್ವ್ ಬ್ಯಾಂಕು ನಿರ್ಬಂಧಿಸಿತು. ಅವರಲ್ಲಿ ಅನೇಕರು ವೃದ್ಧರು. ಠೇವಣಿ ವಿಮೆಯು 1 ಲಕ್ಷದಿಂದ 5 ಲಕ್ಷಕ್ಕೆ ಏರಿದುದು ಮರುತಿಂಗಳು. ಬ್ಯಾಂಕು ಭದ್ರವಾಗಿಯೇ ಇದ್ದರೂ, ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ 12 ವರ್ಷಗಳಲ್ಲಿ ಇಮ್ಮಡಿಯಾಗುವುವು. ಅಲುಗದ ಹಣವೂ ಸದ್ದಿಲ್ಲದೆ ಸವೆಯುತ್ತದೆ.

ಹಾಗಾದರೆ ಎಷ್ಟು ಅಪಾಯ ಯುಕ್ತ? ಪೇಟೆಯ ಪಂಡಿತರು ಇದಕ್ಕೆ ಕೋಷ್ಟಕಗಳನ್ನು ತೆರೆಯುವರು. ಪರಿಗ್ರಹ ಪರಿಮಾಣವ್ರತವು ಅದಕ್ಕೂ ಮೊದಲಿನ ಪ್ರಶ್ನೆಯನ್ನು ಕೇಳುತ್ತದೆ: ಬೇಕಾದುದೆಷ್ಟು? ತಿಂಗಳಿಗೆ 30,000 ರೂಪಾಯಿ ಸಾಕೆಂದು ನಿಯಮ ಮಾಡಿಕೊಂಡ ಶಿಕ್ಷಕರಿಗೆ ಪಿಂಚಣಿಯಿಂದಲೇ 25,000 ಬರುವುದಾದರೆ, ಉಳಿತಾಯವು ದುಡಿಯಬೇಕಾದುದು ಉಳಿದ 5,000ಕ್ಕೆ ಮತ್ತು ಬೆಲೆಯೇರಿಕೆಗೆ ಮಾತ್ರ. ಅದಕ್ಕೆ ಮೀರಿದ ಸಾಹಸ ಬೇಡವೆಂದು ಹೂಡಿಸುವವನೇ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಹೇಳಿದ ದಿನ ಅವನ ಕಮಿಷನ್ ಕೈತಪ್ಪುತ್ತದೆ.