ಮಳೆಗೆ ನಿಂತ ಕಲ್ಲು, ಸೂರಿನಡಿಯ ಕಲ್ಲು

ಪುಣೆಯ ಹಿಂಜವಾಡಿಯ ಐಟಿ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಿಗೆ ಮಳೆಗಾಲದ ಶನಿವಾರವೆಂದರೆ ಲೋನಾವಳ, ಭುಶಿ ಡ್ಯಾಂ, ಕಾಂದಾ ಭಜಿ. ಅದೇ ದಾರಿಯಲ್ಲಿ ಕಾರ್ಲೆಯ ಗುಹೆಗಳಿವೆ. ಮೆಟ್ಟಿಲು ಹತ್ತುವವರಲ್ಲಿ ಬಹುಪಾಲು ಏಕವೀರಾ ದೇವಿಯ ಭಕ್ತರು. ಗುಡಿಯ ಪಕ್ಕದಲ್ಲೇ ಇರುವ, ಸುಮಾರು 2000 ವರ್ಷ ಹಳೆಯ ಚೈತ್ಯಕ್ಕೆ ಕೆಲವರಷ್ಟೇ ಹೊಗುತ್ತಾರೆ. ಇದನ್ನು ಪೂರ್ತಿಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲ, ಜಂಬೂದ್ವೀಪದಲ್ಲೇ ಇದಕ್ಕಿಂತ ಉತ್ತಮವಾದ ಶಿಲಾಗೃಹವಿಲ್ಲ ಎಂದು ಅಲ್ಲಿಯ ಶಾಸನ ಹೇಳುತ್ತದೆ. ವೈಜಯಂತಿಯೆಂದರೆ ನಮ್ಮ ಬನವಾಸಿ ಎಂಬುದು ಹೆಚ್ಚಿನ ವಿದ್ವಾಂಸರ ಮತ. ಜಂಬ ಕೊಚ್ಚುವುದರಲ್ಲಿ ಶೆಟ್ಟರು ಹಿಂದೆ ಬಿದ್ದಿಲ್ಲ.

ಜೋರು ಮಳೆಯಲ್ಲಿ ಅಲ್ಲಿಗೆ ಹೋದವರಿಗೆ ಕೆತ್ತಿದವರ ಲೆಕ್ಕಾಚಾರ ಕಾಣುತ್ತದೆ. ಹೊರಗೆ ಬಂಡೆಯ ಅಂಚಿನಿಂದ ನೀರು ಧಾರೆಧಾರೆಯಾಗಿ ಇಳಿಯುತ್ತಿರುತ್ತದೆ. ಒಳಗೆ ಕಮಾನಿನಾಕಾರದ ಚಾವಣಿಗೆ ಜೋಡಿಸಿದ ತೇಗದ ತೊಲೆಗಳು ಇಂದಿಗೂ ಉಳಿದಿವೆ. ಮರ ಎರಡು ಸಾವಿರ ವರ್ಷ ಬಾಳಿದೆ! ಮಳೆ ಶಿಲ್ಪಕ್ಕೆ ಹೊರಗಿನಿಂದ ಬಂದ ಶತ್ರುವಲ್ಲ, ಶಿಲ್ಪಿ ಉಳಿ ಹಿಡಿಯುವ ಮೊದಲೇ ಎಣಿಸಿದ ಸಂಗತಿ. ಶ್ರವಣಬೆಳಗೊಳದ ಗೊಮ್ಮಟನನ್ನು ಬೆಟ್ಟದ ಗಟ್ಟಿ ಕಲ್ಲಿನಲ್ಲಿ ಬಯಲಿಗೇ ನಿಲ್ಲಿಸಿದವರೂ, ಬೇಲೂರಿನ ಮೃದುವಾದ ಬಳಪದ ಕಲ್ಲಿನ ಮದನಿಕೆಯರನ್ನು ಚಾಚಿದ ಸೂರಿನ ಕೆಳಗೆ ಇಟ್ಟವರೂ ಇದೇ ಲೆಕ್ಕ ಹಾಕಿದವರು.

ವಸ್ತುಸಂಗ್ರಹಾಲಯ ಈ ಲೆಕ್ಕವನ್ನೇ ಅಳಿಸಿ, ಎಲ್ಲ ಕಲ್ಲಿಗೂ ಒಂದೇ ಸೂರು ಕೊಡುತ್ತದೆ ಎಂದು ದೂರುವುದು ಸುಲಭ. ಆದರೆ ಊರಿನಲ್ಲೇ ಉಳಿದ ವೀರಗಲ್ಲುಗಳ ಮೇಲೆ ಬಟ್ಟೆ ಒಗೆದದ್ದನ್ನೂ, ಅವುಗಳನ್ನು ಕಾಲುವೆಗೆ ಹಾಸಿದ್ದನ್ನೂ ಕಂಡವರು ಆ ದೂರನ್ನು ಅಷ್ಟು ಜೋರಾಗಿ ಹೇಳಲಾರರು. ಸೂರು ಕಲ್ಲನ್ನು ಕಾಪಾಡುತ್ತದೆ, ನಿಜ. ಕಲ್ಲಿಗಿದ್ದ ಕೆಲಸವನ್ನೂ ಕಾಪಾಡುತ್ತದೆಯೆ ಎಂಬುದು ಬೇರೆ ಪ್ರಶ್ನೆ.

ಹಳೇಬೀಡಿನ ಸಂಗ್ರಹಾಲಯದ ಹುಲ್ಲುಹಾಸಿನ ಮೇಲಿರುವ ಭಗ್ನ ಮೂರ್ತಿಗಳಿಗೆ ಈ ಪ್ರಶ್ನೆಯ ಕಾಟವಿಲ್ಲ. ಭಿನ್ನವಾದ ವಿಗ್ರಹಕ್ಕೆ ಪೂಜೆ ಸಲ್ಲದೆಂಬುದು ನಮ್ಮಲ್ಲಿ ಹಳೆಯ ರೂಢಿ; ಅಂದಮೇಲೆ ಅವು ಕೆಲಸದಿಂದ ನಿವೃತ್ತವಾದವು. ಮಳೆ ಬಿದ್ದಾಗ ಧೂಳು ತೊಳೆದು ಬಳಪದ ಕಲ್ಲು ಕಪ್ಪಾಗುತ್ತದೆ, ಒಣಗಿದಾಗ ಮಂಕಾಗಿದ್ದ ಕಂಠೀಹಾರದ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಎದ್ದು ಕಾಣುತ್ತದೆ. ಒಳಗೆ ದೀಪದಡಿ ಇಟ್ಟ ಅಖಂಡ ಮೂರ್ತಿಗಳಿಗಿಂತ ಇವೇ ನನಗೆ ಇಷ್ಟ.

ಆತಕೂರಿನ ಕಲ್ಲಿನ ವಿಚಾರ ಹಾಗಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ, ಕ್ರಿ.ಶ. 949-50ರ ಈ ಕಲ್ಲು ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದ ಸುದ್ದಿಯ ಜೊತೆಗೆ, ಕಾಳಿ ಎಂಬ ನಾಯಿ ಹಂದಿಯೊಡನೆ ಕಾದಿ ಸತ್ತದ್ದನ್ನೂ ದಾಖಲಿಸುತ್ತದೆ. ಮೇಲೆ ನಾಯಿ ಹಂದಿಗಳ ಕಾಳಗದ ಕೆತ್ತನೆಯಿದೆ. ಕಲ್ಲಿಗಾಗಿ ಬಿಟ್ಟ ಭೂಮಿಯನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆಂಬ ಕಟ್ಟಳೆಯೂ ಅದರಲ್ಲಿದೆ. ಅಕ್ಷರ ಉಳಿಯಿತು, ಕಟ್ಟಳೆ ನಿಂತುಹೋಯಿತು. ನಾವು ಅದನ್ನು ಓದಿ, ಗಡಿಯಾರ ನೋಡಿ, ಊಟಕ್ಕೆ ಹೊರಡುತ್ತೇವೆ.

ಹಾಗೆಂದು ಆ ಕಲ್ಲನ್ನು ಮತ್ತೆ ಆತಕೂರಿನ ಮಳೆಗೆ ನಿಲ್ಲಿಸಬೇಕೆಂದು ನಾನು ವಾದಿಸಲಾರೆ. ಸವೆದುಹೋದ ಅಕ್ಷರ ಮತ್ತೆ ಹುಟ್ಟುವುದಿಲ್ಲ. ಆದರೆ ಮೂಲವೊಂದೇ ಪವಿತ್ರ, ನಕಲು ಬರಿಯ ನಕಲು ಎಂಬ ಹಟ ಮ್ಯೂಸಿಯಮ್ಮಿನದೇ ಹೊರತು ನಮ್ಮ ದೇವಸ್ಥಾನಗಳದ್ದಲ್ಲ. ಮೂಲವಿಗ್ರಹ ಗರ್ಭಗುಡಿ ಬಿಟ್ಟು ಕದಲುವುದಿಲ್ಲ, ಉತ್ಸವಮೂರ್ತಿ ಬೀದಿಯಲ್ಲಿ ಮೆರೆಯುತ್ತದೆ, ಭಕ್ತರು ಎರಡಕ್ಕೂ ಒಂದೇ ಮನಸ್ಸಿನಿಂದ ಕೈಮುಗಿಯುತ್ತಾರೆ. ಇದೇ ಏರ್ಪಾಟನ್ನು ವೀರಗಲ್ಲುಗಳಿಗೂ ಮಾಡಬಹುದು: ಮೂಲ ಬೆಂಗಳೂರಿನ ಸೂರಿನಡಿಯಲ್ಲೇ ಇರಲಿ, ಅಳತೆ ಸರಿಯಾಗಿ ಕಡೆದ ಇನ್ನೊಂದು ಕಲ್ಲು ಆತಕೂರಿನಲ್ಲಿ ನೆನೆಯಲಿ. ಅದರ ಮುಂದೆ ಕೈಮುಗಿದು ಉಂಡವನು ಹಳೆಯ ಕಟ್ಟಳೆಯನ್ನು ನಡೆಸಿದಂತಾಗುತ್ತದೆಯೋ ಇಲ್ಲವೋ ಎಂಬುದನ್ನು ಆ ಊರಿನವರು ತೀರ್ಮಾನಿಸಬೇಕು, ಕ್ಯುರೇಟರ್ ಅಲ್ಲ.