ಪಾಠ ಯಾರಿಗೆ, ಪರೀಕ್ಷೆ ಯಾರಿಗೆ?

ಕಾಲೇಜು ಹುಡುಗಿಯರಿಗೆ ಆತ್ಮರಕ್ಷಣೆಯ ಶಿಬಿರ ನಡೆಸುವುದು, ಹಾಜರಿ ಪುಸ್ತಕ ತುಂಬಿಸುವುದು, 'ಕಾರ್ಯಕ್ರಮ ಯಶಸ್ವಿ' ಎಂದು ವರದಿ ಬರೆಯುವುದು ಈಗ ರೂಢಿಯಾಗಿದೆ. ಈ ಯಶಸ್ಸನ್ನು ಅಳೆಯುವ ಕೋಲು ಯಾರದು ಎಂದು ನಾವು ಕೇಳಬೇಕಾಗಿದೆ.

ತರಬೇತಿಯೇ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಕೆನಡಾದ ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರ ನಡುವೆ ಚಾರ್ಲೀನ್ ಸೆನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. 12 ತಾಸಿನ ತರಬೇತಿಯ ಗುಂಪಿನಲ್ಲಿ ಒಂದು ವರ್ಷದೊಳಗೆ ಅತ್ಯಾಚಾರಕ್ಕೀಡಾದವರು ಶೇ. 5.2, ಬರೀ ಕರಪತ್ರದ ಗುಂಪಿನಲ್ಲಿ ಶೇ. 9.8. ಅಲ್ಲಿ ಕಲಿಸಿದ್ದು ಕೈಕಾಲು ಬೀಸುವುದನ್ನಷ್ಟೇ ಅಲ್ಲ. ಪರಿಚಿತನ ಒತ್ತಾಯವನ್ನು ಗುರುತಿಸುವುದನ್ನು, ಸಂಕೋಚ ಬಿಟ್ಟು 'ಒಲ್ಲೆ' ಎನ್ನುವುದನ್ನು. ನಮ್ಮ ದೇಶದ ದಾಖಲೆಗಳಲ್ಲೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅತ್ಯಾಚಾರ ಪ್ರಕರಣಗಳ ಆರೋಪಿ ಪರಿಚಿತನೇ.

ಆದರೆ ಕುಡಚಿಯ ಸುತ್ತಲಿನ ಕಬ್ಬಿನ ಸೀಮೆಯಲ್ಲಿ ಆ ಪರಿಚಿತ ಯಾರು? ಅವ್ವ ಅಪ್ಪ ಕೂಲಿ ಮಾಡುವ ಹೊಲದ ಧಣಿಯ ಮಗನಾದರೆ? ಅವನಿಗೆ 'ಒಲ್ಲೆ' ಎಂದರೆ ನಾಳೆ ಮನೆಗೆ ಕೂಲಿ ಇಲ್ಲ. ದಲಿತ ಹೆಣ್ಣಿನ ಮೈಯನ್ನು ದೇವರ ಹೆಸರಲ್ಲಿ ಊರಿನ ಸ್ವತ್ತು ಮಾಡಿದ ದೇವದಾಸಿ ಪದ್ಧತಿಯನ್ನು 1982ರ ಕಾಯಿದೆ ನಿಷೇಧಿಸಿತು. ಆಕೆಯನ್ನು ನೋಡುವ ಕಣ್ಣನ್ನು ಯಾವ ಕಾಯಿದೆಯೂ ಕೀಳಲಿಲ್ಲ.

ಇನ್ನೊಂದು ಮಾತು. ಕಲಿತವಳು ತಪ್ಪಿಸಿಕೊಂಡಳು, ಅವನು ಬದಲಾಗಲಿಲ್ಲ. ಹಾಗಾದರೆ ಅವನ ಕಣ್ಣು ಓದು ಬಿಟ್ಟು ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವಳ ಮೇಲೆ ಬೀಳುವುದಿಲ್ಲವೇ? ಹಾಜರಿಯಾಗ ಹೆಸರೇ ಇಲ್ಲದಾಕಿ ಲೆಕ್ಕ ಯಾರು ಇಡಬೇಕು?

ಕಲಿತೂ ತಪ್ಪಿಸಿಕೊಳ್ಳಲಾಗದವಳಿಗೆ, 'ಅಷ್ಟು ಕಲಿಸಿದ್ರೂ ಯಾಕ ಒದರಲಿಲ್ಲ?' ಎಂಬ ಪ್ರಶ್ನೆ ಕಾದಿರುತ್ತದೆ. 1978ರಲ್ಲಿ ಸುಪ್ರೀಂ ಕೋರ್ಟೇ ಮಥುರಾ ಎಂಬ ಆದಿವಾಸಿ ಹುಡುಗಿಯ ಮೈಮೇಲೆ ಪ್ರತಿರೋಧದ ಗಾಯ ಕಾಣಲಿಲ್ಲವೆಂದು ಪೊಲೀಸರನ್ನು ಬಿಟ್ಟಿತು. ಹೋರಾಟ ಎದ್ದ ಮೇಲೆ 1983ರಲ್ಲಿ ಕಾನೂನು ತಿದ್ದಲಾಯಿತು. ಪ್ರತಿರೋಧ ಹೆಣ್ಣಿನ ಹಕ್ಕು. ಅದನ್ನು ಕರ್ತವ್ಯವನ್ನಾಗಿ ಮಾಡಿದರೆ ಅದೇ ಅವಳ ಮೇಲಿನ ಆರೋಪಪಟ್ಟಿಯಾಗುತ್ತದೆ.

'ನಮ್ಮಲ್ಲಿ ಒಂದೂ ದೂರಿಲ್ಲ' ಎಂಬುದೂ ಯಶಸ್ಸಲ್ಲ; ಅದು ಹೆದರಿಕೆಯ ಮೌನವೂ ಇದ್ದೀತು. ಯುಜಿಸಿಯ 2015ರ ನಿಯಮದಂತೆ ಪ್ರತಿ ಕಾಲೇಜಿನಲ್ಲಿ ದೂರು ಸಮಿತಿ ಇರಬೇಕು, ವಿದ್ಯಾರ್ಥಿಗಳ ಪ್ರಕರಣಗಳಲ್ಲಿ ಚುನಾಯಿತ ವಿದ್ಯಾರ್ಥಿಗಳೂ ಅದರಲ್ಲಿ ಕೂರಬೇಕು. ಆ ಸಮಿತಿಯಲ್ಲಿ ಕೇರಿಯ ಹುಡುಗಿಯ ಮಾತು ನಡೆಯುತ್ತದೆಯೇ? ಗಂಡುಹುಡುಗರಿಗೆ ಎಷ್ಟು ತಾಸಿನ ಪಾಠವಾಯಿತು? ದೂರು ಕೊಟ್ಟವಳು ಪದವಿ ಮುಗಿಸಿದಳೇ? ಅವಳ ಅವ್ವನಿಗೆ ಮರುದಿನ ಕೂಲಿ ಸಿಕ್ಕಿತೇ? ವರದಿ ಬರೆಯುವವರು ಮೊದಲು ಇವಕ್ಕೆ ಉತ್ತರ ಬರೆಯಲಿ.